ಪೆನ್‌ಡ್ರೈವ್ ತಗೊಳ್ತಾ ಇಲ್ಲ ಅಂದಾಗ: ಕರಾವಳಿಯವರಿಗೊಂದು ಯುಎಸ್‌ಬಿ ದೋಷ ನಿವಾರಣೆ ಕೈಪಿಡಿ

“ಪೆನ್‌ಡ್ರೈವ್ ತಗೊಳ್ತಾ ಇಲ್ಲ.” “ಪ್ರಿಂಟರ್ ತೋರಿಸ್ತಾ ಇಲ್ಲ.” “ಥಂಬ್ ಮಷಿನ್ (ಹೆಬ್ಬೆಟ್ಟಿನ ಗುರುತು ಹಿಡಿಯುವ ಯಂತ್ರ) ಬರ್ತಾ ಇಲ್ಲ ಮಾರಾಯ್ರೆ, ಹೊರಗೆ ಜನ ಸಾಲಲ್ಲಿ ನಿಂತಿದ್ದಾರೆ.” ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲೂ ಕಂಪ್ಯೂಟರ್ ರಿಪೇರಿಯವರ ಫೋನಿಗೆ ಬರುವ ಮಾತು ಇವೇ. ಮಳೆಗಾಲ ಹಿಡಿದರೆ ಇನ್ನೂ ಜಾಸ್ತಿ.

ಇಂಥ ಹೊತ್ತಲ್ಲಿ ಹೆಚ್ಚಿನವರು ಮೊದಲು ಡ್ರೈವರ್‌ಗೆ, ಅಂದರೆ ಸಾಧನವನ್ನು ನಡೆಸಲು ಕಂಪ್ಯೂಟರಿಗೆ ಬೇಕಾದ ಸಾಫ್ಟ್‌ವೇರ್‌ಗೆ, ಕೈ ಹಾಕುತ್ತಾರೆ. ಗೂಗಲ್‌ನಲ್ಲಿ ಹುಡುಕಿ ಯಾವುದೋ ‘ಡ್ರೈವರ್ ಅಪ್‌ಡೇಟರ್’ ಇಳಿಸಿಕೊಳ್ಳುತ್ತಾರೆ. ಅದು ಬೇಡದ ಕಸವನ್ನೆಲ್ಲ ಜೊತೆಗೆ ತಂದು ಹಾಕುತ್ತದೆ, ಮೂಲ ತೊಂದರೆ ಹಾಗೇ ಉಳಿಯುತ್ತದೆ. ನಮ್ಮ ಕಡೆ ಈ ದೋಷ ಬಹಳ ಸಲ ಇರುವುದು ಕೈಗೆ ಸಿಗುವ ಜಾಗದಲ್ಲೇ: ಕಿಲುಬು ಹಿಡಿದ ಲೋಹ, ಒಳಗೊಳಗೇ ತುಂಡಾದ ಕೇಬಲ್, ಸಾಲದ ಕರೆಂಟು. ಅದಕ್ಕೇ ಈ ಕೈಪಿಡಿ ಖರ್ಚಿಲ್ಲದ ಪರೀಕ್ಷೆಯಿಂದ ಶುರುವಾಗಿ ಮೆಲ್ಲಗೆ ಒಳಗೆ ಹೋಗುತ್ತದೆ. ನಿಮಗೆ ಕಾಣುವ ಲಕ್ಷಣ ಯಾವುದೋ ಆ ಭಾಗಕ್ಕೆ ನೇರ ಹೋಗಬಹುದು. ಆದರೆ ಅದಕ್ಕೆ ಮೊದಲು ಮುಂದಿನ ಭಾಗವೊಂದನ್ನು ಓದಿಬಿಡಿ.

ಒಂದು ಎಚ್ಚರಿಕೆ ಈಗಲೇ ಹೇಳುತ್ತೇನೆ. ಪೆನ್‌ಡ್ರೈವ್ ಅಥವಾ ಹಾರ್ಡ್ ಡಿಸ್ಕ್ ಒಳಗೆ ಮದುವೆ ಫೋಟೋ, ಲೆಕ್ಕಪತ್ರ, ಯಕ್ಷಗಾನದ ಹಳೇ ರೆಕಾರ್ಡಿಂಗ್, ಹೀಗೆ ಬೇರೆಲ್ಲೂ ಪ್ರತಿ ಇಲ್ಲದ ಏನಾದರೂ ಇದ್ದರೆ, ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ಕಂಪ್ಯೂಟರ್ ಎಷ್ಟು ಸಲ ಕೇಳಿದರೂ ‘ಕ್ಯಾನ್ಸಲ್’ ಒತ್ತಿ. ಡಿಸ್ಕ್ ಹೋದರೆ ಇನ್ನೊಂದು ಸಿಗುತ್ತದೆ, ಒಳಗಿದ್ದದ್ದು ಸಿಗುವುದಿಲ್ಲ.

ಮೊದಲು: ದೋಷ ಯಾವ ಕಡೆ?

ಸಾಧನವನ್ನು ಅದೇ ಕಂಪ್ಯೂಟರಿನ ಬೇರೆ ಪೋರ್ಟ್‌ಗೆ (ಯುಎಸ್‌ಬಿ ಹಾಕುವ ತೂತಿಗೆ) ಹಾಕಿ. ಡೆಸ್ಕ್‌ಟಾಪ್ ಆಗಿದ್ದರೆ ಎದುರಿನ ಪೋರ್ಟ್ ಬಿಟ್ಟು ಹಿಂದಿನದಕ್ಕೆ ಹಾಕಿ. ಹಿಂದಿನ ಪೋರ್ಟ್‌ಗಳು ನೇರ ಮದರ್‌ಬೋರ್ಡ್ ಮೇಲೇ ಇರುತ್ತವೆ. ಎದುರಿನವು ಕ್ಯಾಬಿನೆಟ್ ಒಳಗಿನ ಸಣ್ಣ ವೈರಿನಲ್ಲಿ ನೇತಾಡುತ್ತವೆ, ಆ ವೈರ್ ಸಡಿಲವಾಗುವುದು ಮಾಮೂಲು. ನಡುವೆ ಹಬ್ (ಒಂದು ಪೋರ್ಟ್‌ನಿಂದ ಹಲವು ಪೋರ್ಟ್ ಮಾಡುವ ಡಬ್ಬಿ), ಎಕ್ಸ್‌ಟೆನ್ಶನ್ ಕೇಬಲ್ ಇದ್ದರೆ ತೆಗೆದು ನೇರ ಹಾಕಿ.

ಆಗಲಿಲ್ಲವೇ? ಅದೇ ಸಾಧನವನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ ನೋಡಿ. ಪಕ್ಕದ ಅಂಗಡಿಯದ್ದಾದರೂ ಸರಿ. ಅಲ್ಲೂ ಬರದಿದ್ದರೆ ದೋಷ ಸಾಧನದಲ್ಲಿ ಅಥವಾ ಅದರ ಕೇಬಲ್‌ನಲ್ಲಿ. ಅಲ್ಲಿ ಬಂದರೆ ನಿಮ್ಮ ಕಂಪ್ಯೂಟರಿನಲ್ಲಿ. ಬಿಡಿಸುವ ಕೇಬಲ್ ಇರುವ ಸಾಧನವಾದರೆ ಕೇಬಲ್ ಒಂದನ್ನೇ ಬದಲಿಸಿ ಮತ್ತೊಮ್ಮೆ ನೋಡಿ. ಐದು ನಿಮಿಷದ ಕೆಲಸ. ಮುಂದಿನ ಅರ್ಧ ದಿನ ಉಳಿಯುತ್ತದೆ.

ಇನ್ನು ರೀಸ್ಟಾರ್ಟ್. ‘ಶಟ್‌ಡೌನ್ ಮಾಡಿ ಮತ್ತೆ ಹಾಕಿದೆ, ಆದರೂ ಇಲ್ಲ’ ಎನ್ನುತ್ತಾರೆ. ವಿಂಡೋಸ್ 10 ಮತ್ತು 11ರಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಚಾಲೂ ಇದ್ದರೆ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ. ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು, ಮತ್ತೆ ಚಾಲೂ ಮಾಡಿದಾಗ ಅದನ್ನೇ ಎತ್ತಿಕೊಳ್ಳುತ್ತದೆ. ಯುಎಸ್‌ಬಿಯ ಗೊಂದಲವೂ ಅದರ ಜೊತೆಗೇ ವಾಪಸ್ ಬರಬಹುದು. ಹೊಸದಾಗಿ ಶುರುವಾಗಬೇಕು ಎಂದರೆ ‘ರೀಸ್ಟಾರ್ಟ್’ ಒತ್ತಬೇಕು. ಅದಕ್ಕೂ ಬಗ್ಗದಿದ್ದರೆ ಎಲ್ಲ ಯುಎಸ್‌ಬಿ ಸಾಧನ ಕಿತ್ತು, ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಪ್ಲಗ್ ತೆಗೆದು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದಿದ್ದ ಕರೆಂಟು ಇಳಿಯುತ್ತದೆ. ಆಮೇಲೆ ಚಾಲೂ ಮಾಡಿ ಒಂದೊಂದೇ ಸಾಧನ ಹಾಕಿ. ಬ್ಯಾಟರಿ ಬಿಚ್ಚಲು ಬರುವ ಹಳೇ ಲ್ಯಾಪ್‌ಟಾಪ್ ಆದರೆ ಅದನ್ನೂ ಬಿಚ್ಚಿಕೊಳ್ಳಿ.

ಲಕ್ಷಣ: ದೀಪವೂ ಇಲ್ಲ, ಸದ್ದೂ ಇಲ್ಲ

ಹಾಕಿದರೆ ಏನೂ ಆಗುವುದಿಲ್ಲ. ಸಾಧನದ ದೀಪ ಹತ್ತುವುದಿಲ್ಲ, ಕಂಪ್ಯೂಟರ್ ‘ಟಿಣ್’ ಎನ್ನುವುದಿಲ್ಲ. ಅಂದರೆ ಕರೆಂಟೇ ದಾಟುತ್ತಿಲ್ಲ.

ಪೋರ್ಟ್ ಜೀವಂತ ಇದೆಯೇ ಎಂದು ನೋಡಲು ಅಗ್ಗದ ಯುಎಸ್‌ಬಿ ದೀಪ ಸಾಕು, ಸಣ್ಣ ಫ್ಯಾನ್ ಆದರೂ ಆದೀತು. ಅದು ಹತ್ತಿದರೆ ಪೋರ್ಟ್‌ನಲ್ಲಿ 5 ವೋಲ್ಟ್ ಇದೆ. ಹತ್ತದಿದ್ದರೆ ಪೋರ್ಟ್ ಸತ್ತಿದೆ, ಇಲ್ಲವೇ ಒಳಗೆ ಕೊಳೆ ಕೂತಿದೆ.

ಈ ಕೊಳೆಯ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಬೆಂಗಳೂರಿನಲ್ಲಿ ಕೂತು ಬರೆದ ಕೈಪಿಡಿಗಳಲ್ಲಿ ಇದು ಬರುವುದೇ ಇಲ್ಲ. ಆಷಾಢದಲ್ಲಿ ಸಾಣಿಕಟ್ಟಾ ಉಪ್ಪನ್ನು ಡಬ್ಬಿಯಲ್ಲಿಟ್ಟರೂ ನೀರೊಡೆಯುತ್ತದೆ ಅಲ್ವಾ? ಗಾಳಿಯ ತೇವ ಸುಮಾರು ಶೇ 75 ದಾಟಿದರೆ ಉಪ್ಪು ತಾನೇ ನೀರು ಹೀರಿ ಕರಗುತ್ತದೆ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಉದ್ದಕ್ಕೂ ತೇವ ಅದಕ್ಕಿಂತ ಮೇಲೇ ಇರುವುದು. ಬೈತಖೋಲ, ತದಡಿಯಂಥ ಬಂದರಿನ ಹತ್ತಿರದ ಅಂಗಡಿಯಲ್ಲಿ ಉಪ್ಪುಗಾಳಿಯ ಸಣ್ಣ ಕಣಗಳು ಪೋರ್ಟ್ ಒಳಗೆ ಕೂರುತ್ತವೆ. ಅಲ್ಲೇ ನೀರೊಡೆದು ಲೋಹದ ಮೇಲೆ ತೆಳ್ಳಗೆ ಉಪ್ಪುನೀರು ಹರಡುತ್ತದೆ. ಪೋರ್ಟ್‌ನ ಕಡ್ಡಿಗಳಿಗೆ ಚಿನ್ನದ ಲೇಪ ಇದ್ದರೂ ಅದು ಬಹಳ ತೆಳು. ಅದು ಎಲ್ಲಿ ಸವೆದಿದೆಯೋ ಅಲ್ಲಿಂದ ಒಳಗಿನ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಘಟ್ಟದ ಮೇಲೆ ಉಪ್ಪಿನ ಕಾಟ ಇಲ್ಲ. ಅಲ್ಲಿ ತೇವ ಮತ್ತು ಬೂಷ್ಟು.

ಮೊಬೈಲ್ ಟಾರ್ಚ್ ಹಿಡಿದು ಪೋರ್ಟ್ ಒಳಗೆ ನೋಡಿ. ಕಣ್ಣಿಗೆ ಸರಿ ಕಾಣದಿದ್ದರೆ ಮೊಬೈಲ್ ಕ್ಯಾಮೆರಾದಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಒಳಗಿನ ಪ್ಲಾಸ್ಟಿಕ್ ಪಟ್ಟಿಯ ಮೇಲೆ ನಾಲ್ಕು ಲೋಹದ ಕಡ್ಡಿ ಸಾಲಾಗಿ ಇರಬೇಕು. ಪಟ್ಟಿ ನೀಲಿ ಬಣ್ಣದ್ದಾದರೆ ಅದು ಸಾಮಾನ್ಯವಾಗಿ ಯುಎಸ್‌ಬಿ 3, ಅದರಲ್ಲಿ ಇನ್ನೂ ಐದು ಕಡ್ಡಿ ಇರುತ್ತವೆ. ಕಡ್ಡಿಯ ಮೇಲೆ ಹಸಿರು ಅಥವಾ ಬಿಳಿ ಪುಡಿ ಕಂಡರೆ ಕಿಲುಬು. ಒಂದು ಕಡ್ಡಿ ಮಾತ್ರ ಬಾಗಿದ್ದರೆ ಯಾರೋ ಉಲ್ಟಾ ತುರುಕಿದ್ದಾರೆ. ಬಹಳ ದಿನ ಬಳಸದ ಪೋರ್ಟ್ ಆದರೆ ಇರುವೆ ಗೂಡು, ಮಣ್ಣಿನ ಗೂಡು ಕಟ್ಟುವ ಕಣಜದ ಹುಳದ ಮಣ್ಣು ಕೂಡ ಇರಬಹುದು.

ಸ್ವಚ್ಛ ಮಾಡುವ ಕ್ರಮ ಹೀಗೆ. ಕಂಪ್ಯೂಟರ್ ಆಫ್ ಮಾಡಿ ಗೋಡೆಯ ಪ್ಲಗ್ಗನ್ನೇ ಕಿತ್ತುಬಿಡಿ. ಆಫ್ ಆಗಿದ್ದರೂ ಎಷ್ಟೋ ಡೆಸ್ಕ್‌ಟಾಪ್‌ಗಳಲ್ಲಿ ಯುಎಸ್‌ಬಿ ಪೋರ್ಟ್‌ಗೆ ಕರೆಂಟು ಬರುತ್ತಲೇ ಇರುತ್ತದೆ. ಒಣ ಹಲ್ಲುಜ್ಜುವ ಬ್ರಷ್‌ನಿಂದ ಸಡಿಲ ಧೂಳು ತೆಗೆಯಿರಿ. ಶೇ 99ರ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದೇ ಬ್ರಷ್‌ನ ತುದಿ ಮಾತ್ರ ಅದ್ದಿ, ಹೊರಗೆ ಸ್ವಲ್ಪ ಕೊಡವಿ, ಕಡ್ಡಿಗಳ ಉದ್ದಕ್ಕೆ ಒಳಗಿನಿಂದ ಹೊರಕ್ಕೆ ಎಳೆಯಿರಿ. ಅಡ್ಡಡ್ಡ ಉಜ್ಜಬೇಡಿ, ಕಡ್ಡಿ ಬಾಗುತ್ತದೆ. ಬ್ರಷ್ ಹಸಿರಾದರೆ ಒರೆಸಿ ಮತ್ತೊಮ್ಮೆ ಎಳೆಯಿರಿ. ಆಮೇಲೆ ಅರ್ಧ ಗಂಟೆ ಹಾಗೇ ಬಿಡಿ. ಪೆನ್‌ಡ್ರೈವ್‌ನ ಬಂಗಾರ ಬಣ್ಣದ ಪಟ್ಟಿಗಳನ್ನಾದರೆ ಮಕ್ಕಳ ಮೆತ್ತನೆ ಪೆನ್ಸಿಲ್ ರಬ್ಬರ್‌ನಿಂದ ಹಗುರವಾಗಿ ಉಜ್ಜಿ, ರಬ್ಬರ್ ಪುಡಿ ಕೊಡವಿ, ಅದೇ ಆಲ್ಕೋಹಾಲ್‌ನಿಂದ ಒರೆಸಬಹುದು.

ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ. ಅದರಲ್ಲಿ ನೀರು, ಗ್ಲಿಸರಿನ್ ಇರುತ್ತದೆ, ಜಿಡ್ಡು ಉಳಿಯುತ್ತದೆ. ಪೆಟ್ರೋಲ್, ಸೀಮೆಎಣ್ಣೆ, ತೆಂಗಿನೆಣ್ಣೆ ಯಾವುದೂ ಬೇಡ. ಬಾಯಿಂದ ಊದುವುದೂ ಬೇಡ, ಉಸಿರಿನ ತೇವ ಒಳಗೆ ಹೋಗುತ್ತದೆ. ಸೂಜಿ, ಪಿನ್ನು ಖಂಡಿತ ಬೇಡ. ಆಲ್ಕೋಹಾಲ್ ಬೇಗ ಬೆಂಕಿ ಹಿಡಿಯುವ ವಸ್ತು. ಕಿಟಕಿ ತೆರೆದಿಟ್ಟುಕೊಂಡು, ದೇವರ ದೀಪ, ಒಲೆ, ಸೊಳ್ಳೆಬತ್ತಿಗಳಿಂದ ದೂರ ಕೂತು ಮಾಡಿ.

ಇಷ್ಟಾದ ಮೇಲೂ ಎದುರಿನ ಎರಡು ಪೋರ್ಟ್ ಮಾತ್ರ ಸತ್ತಿದ್ದರೆ ಕ್ಯಾಬಿನೆಟ್ ಒಳಗಿನ ವೈರ್ ಬಿಟ್ಟಿದೆ. ಕೆಲಸ ಗೊತ್ತಿದ್ದವರು ಪವರ್ ಕಿತ್ತು ನೋಡಬಹುದು. ಆ ವೈರಿನ ಪ್ಲಗ್‌ನಲ್ಲಿ ಒಂದು ತೂತು ಮುಚ್ಚಿರುತ್ತದೆ, ಅದು ಬೋರ್ಡಿನ ಖಾಲಿ ಪಿನ್ ಜಾಗಕ್ಕೆ ಸರಿಯಾಗಿ ಬರಬೇಕು. ಬಲವಂತವಾಗಿ ತಪ್ಪು ಕೂರಿಸಿದರೆ ಪೋರ್ಟ್ ಜೊತೆ ಅದಕ್ಕೆ ಹಾಕಿದ ಸಾಧನವೂ ಸುಡುತ್ತದೆ.

ಲಕ್ಷಣ: ಮೊಬೈಲ್ ಚಾರ್ಜ್ ಆಗುತ್ತದೆ, ಕಂಪ್ಯೂಟರಿನಲ್ಲಿ ಕಾಣುವುದಿಲ್ಲ

ಇದು ಬಹಳ ಸುಲಭದ್ದು. ಮಾಮೂಲಿ ಯುಎಸ್‌ಬಿ ಕೇಬಲ್‌ನಲ್ಲಿ ನಾಲ್ಕು ವೈರ್: ಎರಡು ಕರೆಂಟಿಗೆ, ಎರಡು ಡೇಟಾಕ್ಕೆ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಡೇಟಾ ವೈರ್ ಇರುವುದೇ ಇಲ್ಲ, ಚಾರ್ಜಿಂಗ್‌ಗೆ ಮಾತ್ರ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಡೇಟಾ ಹೋಗುತ್ತದೆ ಎಂದು ಗೊತ್ತಿರುವ ಇನ್ನೊಂದು ಕೇಬಲ್ ಹಾಕಿ ನೋಡುವುದೊಂದೇ ದಾರಿ.

ಕೇಬಲ್ ಸರಿ ಇದ್ದರೆ ಮೊಬೈಲ್ ಪರದೆ ನೋಡಿ. ಲಾಕ್ ತೆಗೆದು ಮೇಲಿನಿಂದ ಎಳೆದರೆ ‘ಯುಎಸ್‌ಬಿ ಚಾರ್ಜಿಂಗ್’ ಎಂಬ ಸೂಚನೆ ಇರುತ್ತದೆ. ಅದನ್ನು ಒತ್ತಿ ‘ಫೈಲ್ ಟ್ರಾನ್ಸ್‌ಫರ್’ ಆರಿಸಿ. ಆಂಡ್ರಾಯ್ಡ್ ಫೋನ್ ತಾನಾಗಿ ಚಾರ್ಜಿಂಗ್‌ನಲ್ಲೇ ನಿಲ್ಲುತ್ತದೆ. ಅದು ನಿಮ್ಮ ಸುರಕ್ಷತೆಗೆ ಇಟ್ಟ ವ್ಯವಸ್ಥೆ, ದೋಷ ಅಲ್ಲ.

ಟೈಪ್ ಸಿ ಪೋರ್ಟ್ ಆದರೆ ಒಂದು ಚಂದದ ಪರೀಕ್ಷೆ ಇದೆ. ಪಿನ್ನನ್ನು ತಿರುಗಿಸಿ ಹಾಕಿ. ಒಂದು ಬದಿಯಲ್ಲಿ ಬಂದು ಇನ್ನೊಂದು ಬದಿಯಲ್ಲಿ ಬರದಿದ್ದರೆ ಪೋರ್ಟ್‌ನ ಒಂದು ಸಾಲಿನ ಕಡ್ಡಿಗಳಿಗೆ ಕೊಳೆ ಹಿಡಿದಿದೆ ಅಥವಾ ಸವೆದಿದೆ. ಜೇಬಿನ ನೂಲು ಒಳಗೆ ಗಟ್ಟಿಯಾಗಿ ಕೂತು ಪಿನ್ ಪೂರ್ತಿ ಹೋಗದಿರುವುದೂ ಇದೆ. ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ.

ಲಕ್ಷಣ: ಸದ್ದು ಬರುತ್ತದೆ, ‘ಯುಎಸ್‌ಬಿ ಡಿವೈಸ್ ನಾಟ್ ರೆಕಗ್ನೈಸ್ಡ್’ ಎನ್ನುತ್ತದೆ

ಇಲ್ಲಿ ಕರೆಂಟು ದಾಟಿದೆ, ಮಾತು ದಾಟಿಲ್ಲ. ಸಾಧನ ಹಾಕಿದ ಕೂಡಲೇ ಅದು ಡೇಟಾ ವೈರಿನಲ್ಲಿ ‘ನಾನಿದ್ದೇನೆ’ ಎಂಬ ಸಂಕೇತ ಕೊಡುತ್ತದೆ. ಕಂಪ್ಯೂಟರ್ ಅದನ್ನು ರೀಸೆಟ್ ಮಾಡಿ, ನೀನು ಯಾರು, ಯಾವ ಕಂಪನಿಯವನು, ಎಷ್ಟು ಕರೆಂಟು ಬೇಕು ಎಂದು ಕೇಳುತ್ತದೆ. ಉತ್ತರ ಬಂದ ಮೇಲೆಯೇ ಡ್ರೈವರ್‌ನ ಸರದಿ. ‘ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್’ ಎಂದು ಬಂದರೆ ಆ ಮೊದಲ ಪ್ರಶ್ನೆಗೇ ಉತ್ತರ ಬಂದಿಲ್ಲ ಎಂದರ್ಥ. ಆಗ ಡ್ರೈವರ್ ಹುಡುಕಿ ಏನು ಉಪಯೋಗ? ಯಾವ ಸಾಧನ ಎಂದೇ ಕಂಪ್ಯೂಟರಿಗೆ ಗೊತ್ತಿಲ್ಲವಲ್ಲ. ಕೇಬಲ್, ಕಿಲುಬು, ಪೋರ್ಟ್ ಮತ್ತೊಮ್ಮೆ ನೋಡಿ.

ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ಹಳದಿ ಗುರುತು ಇರುವ ಸಾಲಿನ ಮೇಲೆ ಎರಡು ಸಲ ಒತ್ತಿದರೆ ಒಂದು ಕೋಡ್ ಸಂಖ್ಯೆ ಕಾಣುತ್ತದೆ. ಸುಮ್ನೆ ದಾಟಿ ಹೋಗಬೇಡಿ, ಅದನ್ನು ಬರೆದುಕೊಳ್ಳಿ.

ಕೋಡ್ 43 ಎಂದರೆ ಸಾಧನ ತೊಂದರೆ ಹೇಳಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. ಮೇಲೆ ಹೇಳಿದ ಉತ್ತರ ಬಾರದ ಕಥೆ ಬಹಳ ಸಲ ಇದೇ. ಕೋಡ್ 28 ಬಂದರೆ ಡ್ರೈವರ್ ಇಲ್ಲ, ತಯಾರಕರ ಅಧಿಕೃತ ತಾಣದಿಂದ ಹಾಕಿಕೊಳ್ಳಿ. ಕೋಡ್ 10 ಎಂದರೆ ಸಾಧನ ಶುರುವಾಗುತ್ತಿಲ್ಲ. ಡ್ರೈವರ್ ತೆಗೆದು ಮತ್ತೆ ಹಾಕಿ ನೋಡುವುದು ಒಳ್ಳೆಯದು. ಕೋಡ್ 22 ಆದರೆ ಯಾರೋ ಅದನ್ನು ಬಂದ್ ಮಾಡಿಟ್ಟಿದ್ದಾರೆ, ಬಲ ಕ್ಲಿಕ್ ಮಾಡಿ ‘ಎನೇಬಲ್’ ಮಾಡಿದರೆ ಮುಗಿಯಿತು. ಕಚೇರಿಯ ಕಂಪ್ಯೂಟರ್ ಆಗಿದ್ದರೆ ಬೇಕೆಂದೇ ಬಂದ್ ಮಾಡಿರಬಹುದು, ಕೇಳಿಯೇ ಮುಟ್ಟಿ.

ಡ್ರೈವರ್ ತೆಗೆಯುವುದು ಹೀಗೆ: ಹಳದಿ ಗುರುತಿನ ಸಾಲಿನ ಮೇಲೆ ಬಲ ಕ್ಲಿಕ್, ‘ಅನ್‌ಇನ್‌ಸ್ಟಾಲ್ ಡಿವೈಸ್’, ಸಾಧನ ಕೀಳಿ, ರೀಸ್ಟಾರ್ಟ್, ಮತ್ತೆ ಹಾಕಿ. ಡೆಸ್ಕ್‌ಟಾಪ್‌ನಲ್ಲಿ ‘ಯುಎಸ್‌ಬಿ ಹೋಸ್ಟ್ ಕಂಟ್ರೋಲರ್’ ಸಾಲನ್ನು ತೆಗೆಯಲು ಹೋಗಬೇಡಿ. ಕೀಬೋರ್ಡ್, ಮೌಸ್ ಎರಡೂ ಯುಎಸ್‌ಬಿಯದ್ದೇ ಆದರೆ ಆ ಕ್ಷಣದಲ್ಲೇ ಎರಡೂ ನಿಲ್ಲುತ್ತವೆ, ಮುಂದೆ ಒತ್ತಲು ಏನೂ ಇರುವುದಿಲ್ಲ.

ಲಿನಕ್ಸ್ ಇದ್ದವರಿಗೆ ದಾರಿ ಚಿಕ್ಕದು. ಟರ್ಮಿನಲ್‌ನಲ್ಲಿ ‘lsusb’ ಆದೇಶ ಕೊಟ್ಟರೆ ಉತ್ತರ ಕೊಟ್ಟ ಸಾಧನಗಳ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ಇದ್ದರೆ ತಂತಿ ಸರಿ ಇದೆ, ಇಲ್ಲದಿದ್ದರೆ ಮತ್ತೆ ಕೇಬಲ್ ಕಡೆಗೇ.

ಲಕ್ಷಣ: ಬಂದು ಬಂದು ಹೋಗುತ್ತದೆ

‘ಟಿಣ್’ ಎಂದು ಬರುತ್ತದೆ, ಕಾಪಿ ಹಾಕಿದರೆ ಅರ್ಧದಲ್ಲಿ ಹೋಗುತ್ತದೆ. ಅಥವಾ ಬೆಳಿಗ್ಗೆ ಚೆನ್ನಾಗಿದ್ದ ಥಂಬ್ ಮಷಿನ್ ಸ್ವಲ್ಪ ಹೊತ್ತು ಬಿಟ್ಟರೆ ಮಲಗಿಬಿಡುತ್ತದೆ. ಇದರ ಹಿಂದೆ ಹೆಚ್ಚಾಗಿ ಇರುವುದು ಕರೆಂಟಿನ ಕೊರತೆ.

ಯುಎಸ್‌ಬಿ 2 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪಿಯರ್, ಯುಎಸ್‌ಬಿ 3 ಆದರೆ 900. ಸೇವಾ ಕೇಂದ್ರದ ಒಂದು ಟೇಬಲ್ ನೋಡಿ: ಕೀಬೋರ್ಡ್, ಮೌಸ್, ವೆಬ್‌ಕ್ಯಾಮ್, ಥಂಬ್ ಮಷಿನ್, ಡಿಜಿಟಲ್ ಸಹಿ ಇಟ್ಟ ಪೆನ್‌ಡ್ರೈವ್‌ನಂಥ ಟೋಕನ್. ಎಲ್ಲವೂ ಸ್ವಂತ ಅಡಾಪ್ಟರ್ ಇಲ್ಲದ ಒಂದೇ ಹಬ್‌ನಲ್ಲಿ. ಅಂಥ ಯುಎಸ್‌ಬಿ 2 ಹಬ್‌ನ ಒಂದೊಂದು ತೂತಿಗೆ ಲೆಕ್ಕದಂತೆ ಸಿಗುವುದು ಬರೀ 100 ಮಿಲಿಆಂಪಿಯರ್. ಥಂಬ್ ಮಷಿನ್ನನ್ನು ನೇರ ಕಂಪ್ಯೂಟರಿನ ಹಿಂದಿನ ಪೋರ್ಟ್‌ಗೆ ಹಾಕಿ, ಕೀಬೋರ್ಡ್-ಮೌಸ್ ಹಬ್‌ನಲ್ಲಿ ಇರಲಿ. ಎಷ್ಟೋ ಕಡೆ ಇಷ್ಟಕ್ಕೇ ಸರಿಹೋಗುತ್ತದೆ. ಸಾಲದಿದ್ದರೆ ಅಡಾಪ್ಟರ್ ಇರುವ ಹಬ್ ತನ್ನಿ.

ಕೇಬಲ್ ಉದ್ದ ಕೂಡ ನೋಡಿ. ಯುಎಸ್‌ಬಿ 2ರ ಕೇಬಲ್‌ಗೆ 5 ಮೀಟರ್ ಮಿತಿ. ಕೌಂಟರಿನಿಂದ ಒಳಕೋಣೆಯ ಪ್ರಿಂಟರ್‌ಗೆ ಎರಡು ಎಕ್ಸ್‌ಟೆನ್ಶನ್ ಜೋಡಿಸಿ ಎಳೆದಿದ್ದರೆ ಅದು ಯಾವತ್ತಾದರೂ ಕೈಕೊಡುತ್ತದೆ.

ಅಡಾಪ್ಟರ್ ಇಲ್ಲದ ಸಣ್ಣ ಹಾರ್ಡ್ ಡಿಸ್ಕ್ ತಿರುಗಲು ಶುರುವಾಗುವಾಗ ಕರೆಂಟು ಜಾಸ್ತಿ ಎಳೆಯುತ್ತದೆ. ಕಿವಿ ಹತ್ತಿರ ಹಿಡಿದರೆ ‘ಸುಯ್’ ಎಂದು ಏರುತ್ತಾ ಹೋಗಿ ಮತ್ತೆ ಇಳಿಯುವುದು, ಮತ್ತೆ ಏರುವುದು ಕೇಳಿದರೆ ಕರೆಂಟು ಸಾಲುತ್ತಿಲ್ಲ. ಗಿಡ್ಡ, ದಪ್ಪ ಕೇಬಲ್ ಹಾಕಿ ಹಿಂದಿನ ನೀಲಿ ಪೋರ್ಟ್‌ನಲ್ಲಿ ನೋಡಿ. ಆದರೆ ‘ಟಕ್… ಟಕ್… ಟಕ್’ ಎಂದು ಒಂದೇ ಲಯದಲ್ಲಿ ಕೇಳಿದರೆ ಕೂಡಲೇ ಕಿತ್ತುಬಿಡಿ. ಕರೆಂಟು ಸಾಲದೆಯೂ ಆ ಸದ್ದು ಬರುವುದುಂಟು, ಆದರೆ ಒಳಗಿನ ಓದುವ ತಲೆ ಕೆಟ್ಟಿರುವ ಸಾಧ್ಯತೆಯೂ ಇದೆ. ಹಾಗಿದ್ದರೆ ಪ್ರತಿ ಸಲ ಚಾಲೂ ಮಾಡಿದಾಗಲೂ ತಟ್ಟೆಯ ಮೇಲೆ ಗೀರು ಬೀಳಬಹುದು.

ಬಿಟ್ಟ ಹೊತ್ತಿನಲ್ಲಿ ಮಲಗುವ ಸಾಧನಕ್ಕೆ ವಿಂಡೋಸ್‌ನ ಉಳಿತಾಯ ಬುದ್ಧಿ ಕಾರಣ ಇರಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ‘ಯುಎಸ್‌ಬಿ ರೂಟ್ ಹಬ್’ ತೆರೆದು, ‘ಪವರ್ ಮ್ಯಾನೇಜ್‌ಮೆಂಟ್’ನಲ್ಲಿ ವಿದ್ಯುತ್ ಉಳಿಸಲು ಈ ಸಾಧನ ಆಫ್ ಮಾಡಬಹುದು ಎಂಬ ಸಾಲಿನ ಟಿಕ್ ತೆಗೆಯಿರಿ. ಪವರ್ ಆಪ್ಷನ್ಸ್‌ನಲ್ಲಿ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಕೂಡ ಬಂದ್ ಮಾಡಿ.

ಲಕ್ಷಣ: ಸದ್ದು ಸರಿ ಬರುತ್ತದೆ, ಡ್ರೈವ್ ಮಾತ್ರ ಕಾಣುವುದಿಲ್ಲ

ಸ್ಟಾರ್ಟ್ ಮೇಲೆ ಬಲ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಇಲ್ಲಿ ಏನು ಬರೆದಿದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಡ್ರೈವ್ ಇದೆ, ಅದರ ಹೆಸರಿನ ಅಕ್ಷರ (D:, E: ಥರದ್ದು) ಇಲ್ಲ: ನೆಟ್‌ವರ್ಕ್ ಡ್ರೈವ್ ಅಥವಾ ಕಾರ್ಡ್ ರೀಡರ್ ಜೊತೆ ಗೊಂದಲ ಆಗಿರಬಹುದು. ಬಲ ಕ್ಲಿಕ್ ಮಾಡಿ ಹೊಸ ಅಕ್ಷರ ಕೊಡಿ. ಡೇಟಾಕ್ಕೆ ಏನೂ ಆಗುವುದಿಲ್ಲ.

‘ರಾ’ ಅಥವಾ ‘ಅನ್‌ಅಲೊಕೇಟೆಡ್’ ಎಂದಿದೆ: ಒಳಗಿನ ಫೈಲ್‌ಗಳ ಪಟ್ಟಿ ಕೆಟ್ಟಿದೆ. ಕರೆಂಟು ಹೋಗಿ ಬಂದಾಗ ಬರೆಯುತ್ತಿದ್ದ ಡಿಸ್ಕಿಗೆ ಹೀಗಾಗುವುದು ಜಾಸ್ತಿ. ಹೆಚ್ಚಿನ ಸಲ ಫೈಲ್‌ಗಳು ಅಲ್ಲೇ ಇರುತ್ತವೆ, ರಿಕವರಿ (ಕೆಟ್ಟ ಡಿಸ್ಕಿನಿಂದ ಫೈಲ್ ಹೊರತೆಗೆಯುವ ಕೆಲಸ) ಮಾಡಿದರೆ ಸಿಗುತ್ತವೆ. ಫಾರ್ಮ್ಯಾಟ್ ಬೇಡ, ‘ಇನಿಶಿಯಲೈಸ್’ ಬೇಡ. ‘ಚೆಕ್ ಡಿಸ್ಕ್’ ಕೂಡ ಬೇಡ, ಅದು ಡಿಸ್ಕಿನ ಮೇಲೆ ಬರೆಯುತ್ತದೆ. ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಆದ ಡಿಸ್ಕ್ ಕೂಡ ವಿಂಡೋಸ್‌ಗೆ ಓದಲು ಬರುವುದಿಲ್ಲ. ಮದುವೆ ಸ್ಟುಡಿಯೋದವರಿಂದ ಡಿಸ್ಕ್ ತಂದಿದ್ದರೆ ಅವರು ಯಾವ ಕಂಪ್ಯೂಟರ್ ಬಳಸುತ್ತಾರೆ ಎಂದು ಮೊದಲು ಒಂದು ಮಾತು ಕೇಳಿ.

‘ನೋ ಮೀಡಿಯಾ’ ಎಂದಿದೆ: ಪೆನ್‌ಡ್ರೈವ್‌ನ ನಿಯಂತ್ರಣ ಚಿಪ್ ಉಸಿರಾಡುತ್ತಿದೆ, ಆದರೆ ನೆನಪಿನ ಚಿಪ್ ಅದಕ್ಕೆ ಸಿಗುತ್ತಿಲ್ಲ. ಮನೆಯಲ್ಲಿ ಮಾಡುವಂಥದ್ದು ಏನೂ ಉಳಿದಿಲ್ಲ. ಒಳಗಿನದು ಮುಖ್ಯವಾದರೆ ರಿಕವರಿಯವರಿಗೆ, ಇಲ್ಲದಿದ್ದರೆ ಇ-ತ್ಯಾಜ್ಯಕ್ಕೆ.

ಇನ್ನೊಂದು ಥರ: ಡ್ರೈವ್ ತೆರೆಯುತ್ತದೆ, ಆದರೆ ಫೋಲ್ಡರ್ ಎಲ್ಲ ಶಾರ್ಟ್‌ಕಟ್ ಆಗಿವೆ. ಹಲವರ ಪೆನ್‌ಡ್ರೈವ್ ಹಾಕುವ ಝೆರಾಕ್ಸ್ ಅಂಗಡಿ ಕಂಪ್ಯೂಟರಿನಿಂದ ಬರುವ ಹಳೇ ವೈರಸ್ ಕೆಲಸ ಇದು. ಆ ಶಾರ್ಟ್‌ಕಟ್ ಯಾವುದನ್ನೂ ಒತ್ತಬೇಡಿ. ಮೊದಲು ವಿಂಡೋಸ್ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿ, ಆಮೇಲೆ ಅಡಗಿಸಿಟ್ಟ ಫೈಲ್ ತೋರಿಸುವ ಆಯ್ಕೆ ಹಾಕಿ. ನಿಜವಾದ ಫೋಲ್ಡರ್‌ಗಳು ಒಳಗೇ ಇರುತ್ತವೆ.

ಲಕ್ಷಣ: ಡಿವೈಸ್ ಮ್ಯಾನೇಜರ್‌ನಲ್ಲಿ ಇದೆ, ಕೆಲಸ ಮಾಡುವುದಿಲ್ಲ

ಥಂಬ್ ಮಷಿನ್‌ಗೆ ಡ್ರೈವರ್ ಒಂದೇ ಸಾಲದು. ಆಧಾರ್ ದೃಢೀಕರಣಕ್ಕೆ ‘ಆರ್‌ಡಿ ಸರ್ವಿಸ್’ ಎಂಬ ಸಾಫ್ಟ್‌ವೇರ್ ಹಿನ್ನೆಲೆಯಲ್ಲಿ ಓಡುತ್ತಿರಬೇಕು. ವಿಂಡೋಸ್‌ನ ‘ಸರ್ವಿಸಸ್’ ಪಟ್ಟಿಯಲ್ಲಿ ಅದು ‘ರನ್ನಿಂಗ್’ ಇದೆಯೇ ನೋಡಿ. ಇಲ್ಲದಿದ್ದರೆ ‘ಸ್ಟಾರ್ಟ್’ ಮಾಡಿ. ಆಂಟಿವೈರಸ್ ಅದನ್ನು ತಡೆದಿರಲೂಬಹುದು.

ಡಿಜಿಟಲ್ ಸಹಿಯ ಟೋಕನ್ ಇರುವ ಲೆಕ್ಕಪರಿಶೋಧಕರು, ಗುತ್ತಿಗೆದಾರರು ಇದನ್ನು ಗಮನವಿಟ್ಟು ಓದಿ. ಕೆಲವು ಟೋಕನ್ ಮೊದಲು ಸೀಡಿ ಡ್ರೈವ್‌ನಂತೆ ಕಾಣುತ್ತದೆ. ಅದರೊಳಗಿನ ಸಾಫ್ಟ್‌ವೇರ್ ಹಾಕಿದ ಮೇಲೆಯೇ ಸಹಿ ಸಿಗುವುದು. ಆ ಸಾಫ್ಟ್‌ವೇರ್‌ನಲ್ಲಿ ‘ಇನಿಶಿಯಲೈಸ್’ ಎಂಬ ಬಟನ್ ಇದ್ದರೆ ಅದನ್ನು ಒತ್ತಬೇಡಿ. ಪ್ರಮಾಣಪತ್ರ ಅಳಿದುಹೋಗುತ್ತದೆ, ಮತ್ತೆ ದುಡ್ಡು ಕಟ್ಟಿ ಹೊಸದು ಮಾಡಿಸಬೇಕು. ಪಿನ್ ಸಂಖ್ಯೆ ನೆನಪಿಲ್ಲದೆ ಊಹಿಸಿ ಒತ್ತುತ್ತಾ ಹೋದರೂ ಟೋಕನ್ ಲಾಕ್ ಆಗುತ್ತದೆ.

ಪ್ರಿಂಟರ್‌ನ ಕೇಬಲ್ಲನ್ನು ಬೇರೆ ಪೋರ್ಟ್‌ಗೆ ಹಾಕಿದರೆ ವಿಂಡೋಸ್ ಅದನ್ನು ಹೊಸ ಪ್ರಿಂಟರ್ ಎಂದುಕೊಂಡು ‘ಕಾಪಿ 1’ ಎಂದು ಇನ್ನೊಂದು ಸಾಲು ಮಾಡುವುದುಂಟು. ನೀವು ಹಳೇ ಹೆಸರಿಗೆ ಕಳಿಸುತ್ತಿದ್ದರೆ ಕಾಗದ ಹೊರಗೆ ಬರುವುದಿಲ್ಲ. ಹೊಸ ಸಾಲನ್ನು ಡೀಫಾಲ್ಟ್ ಮಾಡಿ.

ಲಕ್ಷಣ: ಗುಡುಗು-ಸಿಡಿಲಿನ ಮರುದಿನ ಎಲ್ಲ ಪೋರ್ಟ್ ಬಂದ್

ಮುಂಗಾರಿಗೆ ಮುಂಚಿನ ಮಳೆಯಲ್ಲಿ, ಮತ್ತೆ ಮಳೆ ಹಿಂದೆ ಸರಿಯುವ ಅಕ್ಟೋಬರ್‌ನಲ್ಲಿ ಇದು ಹೆಚ್ಚು. ಕರೆಂಟಿನ ತಂತಿ, ಕೇಬಲ್ ಟೀವಿ ತಂತಿ, ನೆಟ್‌ವರ್ಕ್ ತಂತಿ ಯಾವುದರಿಂದಲಾದರೂ ಹೊಡೆತ ಬರಬಹುದು. ಪ್ರಿಂಟರ್ ಮೂಲಕ ಯುಎಸ್‌ಬಿ ಕೇಬಲ್ ಹಿಡಿದೂ ಕಂಪ್ಯೂಟರಿಗೆ ಬರುತ್ತದೆ. ಗುಡುಗು ದೂರದಲ್ಲಿ ಕೇಳಿದಾಗಲೇ ಎಲ್ಲ ಪ್ಲಗ್ ಕಿತ್ತಿಡಿ. ಸಿಡಿಲು ನೆತ್ತಿ ಮೇಲೆ ಬಂದ ಮೇಲೆ ತಂತಿ ಮುಟ್ಟಲು ಹೋಗಬೇಡಿ, ಆಗ ಜೀವ ಮುಖ್ಯ.

ಸುಟ್ಟ ವಾಸನೆ, ಕಪ್ಪು ಕಲೆ, ಪೋರ್ಟ್ ಹತ್ತಿರ ಬಿಸಿ ಇದ್ದರೆ ಮತ್ತೊಮ್ಮೆ ಚಾಲೂ ಮಾಡಿ ನೋಡುವ ಆಸೆ ಬಿಡಿ. ಒಳ್ಳೇ ಪೆನ್‌ಡ್ರೈವ್ ಹಾಕಿ ಪರೀಕ್ಷಿಸುವುದಂತೂ ಬೇಡವೇ ಬೇಡ, ಅದೂ ಹೋಗುತ್ತದೆ. ವಾಸನೆ, ಕಲೆ ಏನೂ ಇಲ್ಲದೆ, ‘ಪವರ್ ಸರ್ಜ್ ಆನ್ ದಿ ಯುಎಸ್‌ಬಿ ಪೋರ್ಟ್’ ಎಂದು ಮಾತ್ರ ಬರುತ್ತಿದ್ದರೆ ಯಾವುದೋ ಸಾಧನ ಒಳಗೆ ಶಾರ್ಟ್ ಆಗಿರಬಹುದು. ಎಲ್ಲ ಕಿತ್ತು ಒಂದೊಂದೇ ಹಾಕಿ ಯಾವುದು ಎಂದು ಹಿಡಿಯಿರಿ. ಆ ಸಾಧನವನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಬೇಡಿ.

ಕ್ಯಾಬಿನೆಟ್ ಮುಟ್ಟಿದರೆ ‘ಜುಂ’ ಎನ್ನುತ್ತದೆಯೇ? ಅದನ್ನು ಹಾಗೇ ಬಿಡಬೇಡಿ. ಬಹಳ ಸಲ ಇದರ ಅರ್ಥ ಅರ್ಥಿಂಗ್ ಇಲ್ಲ ಎಂದು. ಕಂಪ್ಯೂಟರಿನ ಪವರ್ ಸಪ್ಲೈ ಒಳಗೆ ಗದ್ದಲ ತಡೆಯುವ ಸಣ್ಣ ಕೆಪಾಸಿಟರ್‌ಗಳಿವೆ. ಅರ್ಥ್ ಸಿಗದಿದ್ದರೆ ಅವುಗಳಿಂದ ಸೋರುವ ಕರೆಂಟು ಲೋಹದ ಪೆಟ್ಟಿಗೆಯಲ್ಲಿ ನಿಂತು, 230ರ ಸುಮಾರು ಅರ್ಧ ವೋಲ್ಟೇಜ್ ತೋರಿಸುತ್ತದೆ. ಆ ಕರೆಂಟು ಅತಿ ಸಣ್ಣದಾದರೂ ಯುಎಸ್‌ಬಿ ಕೇಬಲ್ ಜೋಡಿಸುವ ಕ್ಷಣದಲ್ಲಿ ಪ್ರಿಂಟರ್‌ನ ಚಿಪ್ ಕೆಡಲು ಸಾಕು. ನಮ್ಮ ಚಿರೇಕಲ್ಲಿನ ನೆಲದಲ್ಲಿ ಅರ್ಥಿಂಗ್ ಗುಂಡಿ ಬೇಸಿಗೆಗೆ ಒಣಗಿ ಹೋಗುತ್ತದೆ. ಮಾರ್ಚ್‌ನಿಂದ ಮಳೆ ಬೀಳುವವರೆಗೆ ಗುಂಡಿಗೆ ಆಗಾಗ ನೀರು ಹಾಕುವ ಪದ್ಧತಿ ಇಟ್ಟುಕೊಳ್ಳಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರ್‌ಗೆ ಹಾಕಿ ಓಡಿಸಬೇಡಿ. ಅರ್ಥಿಂಗ್ ಪರೀಕ್ಷೆ ನೀವು ಮಾಡುವ ಕೆಲಸ ಅಲ್ಲ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬರಲಿ.

ಒದ್ದೆಯಾದರೆ

ಮಳೆನೀರು ಅಥವಾ ಸಮುದ್ರದ ನೀರು ತಾಗಿದ ಪೆನ್‌ಡ್ರೈವ್ ‘ಬರುತ್ತದಾ’ ಎಂದು ಹಾಕಿ ನೋಡಬೇಡಿ. ಕೆಡುವುದು ಕರೆಂಟು ಹರಿದ ಆ ಕ್ಷಣದಲ್ಲೇ. ಸಮುದ್ರದ ನೀರಾದರೆ ಒಣಗಿದ ಮೇಲೂ ಉಪ್ಪು ಒಳಗೇ ಉಳಿಯುತ್ತದೆ. ಅದಕ್ಕೇ ಮೊದಲು ಶುದ್ಧ ನೀರಿನಲ್ಲಿ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಿಕ್ಕರೆ ಇನ್ನೂ ಒಳ್ಳೆಯದು, ಚೆನ್ನಾಗಿ ತೊಳೆದು,  ಮೇಲೆ ಹೇಳಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ತೆಗೆದು, ಫ್ಯಾನ್ ಗಾಳಿಗೆ ಎರಡು-ಮೂರು ದಿನ ಇಡಿ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೆ ಉಪಯೋಗ ಇಲ್ಲ, ಅಕ್ಕಿಹಿಟ್ಟು ಪೋರ್ಟ್‌ಗೆ ಸೇರುತ್ತದೆ ಅಷ್ಟೇ. ಹಾರ್ಡ್ ಡಿಸ್ಕ್‌ಗೆ ಮಾತ್ರ ಈ ತೊಳೆಯುವ ಕೆಲಸ ಬೇಡ. ಅದನ್ನು ಚಾಲೂ ಮಾಡದೆ ಹಾಗೇ ರಿಕವರಿಯವರಿಗೆ ಕೊಡಿ.

ಮಳೆಗಾಲದಲ್ಲಿ ಬಳಸದ ಡಿಸ್ಕ್, ಪೆನ್‌ಡ್ರೈವ್‌ಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಕಂಪ್ಯೂಟರನ್ನು ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಓಡಿಸಿ, ಅದರ ಬಿಸಿಗೇ ಒಳಗಿನ ತೇವ ಆರುತ್ತದೆ. ಖಾಲಿ ಪೋರ್ಟ್‌ಗಳಿಗೆ ಸಿಗುವ ಸಣ್ಣ ರಬ್ಬರ್ ಮುಚ್ಚಳ ಹಾಕಿದರೆ ಉಪ್ಪೂ ಹುಳವೂ ಒಳಗೆ ಹೋಗುವುದಿಲ್ಲ.

ರಿಪೇರಿಗೆ ಕೊಡುವಾಗ

ಟಕ್ ಟಕ್ ಎನ್ನುವ ಡಿಸ್ಕ್, ‘ನೋ ಮೀಡಿಯಾ’ ತೋರಿಸುವ ಪೆನ್‌ಡ್ರೈವ್, ಸುಟ್ಟ ವಾಸನೆ, ಕೈ ಇಡಲಾಗದಷ್ಟು ಬಿಸಿ, ಬೆಸುಗೆ ಬಿಟ್ಟು ಅಲ್ಲಾಡುವ ಪೋರ್ಟ್. ಇವು ಐದರಲ್ಲಿ ಯಾವುದಿದ್ದರೂ ಅಲ್ಲಿಗೇ ನಿಲ್ಲಿಸಿ. ಪೋರ್ಟ್ ಬದಲಿಸುವುದು ಊರಲ್ಲೇ ಆಗುತ್ತದೆ. ಹಾರ್ಡ್ ಡಿಸ್ಕ್ ಬಿಚ್ಚಿ ಡೇಟಾ ತೆಗೆಯುವ ಕೆಲಸಕ್ಕೆ ಧೂಳಿಲ್ಲದ ಕೋಣೆ ಬೇಕು, ಅಂಥ ವ್ಯವಸ್ಥೆ ಇರುವವರಿಗೇ ಕಳಿಸಬೇಕು. ‘ಇಲ್ಲೇ ಬಿಚ್ಚಿ ನೋಡ್ತೇನೆ’ ಎನ್ನುವವರಿಗೆ ಬೇಡ ಎನ್ನಿ.

ಕೊಡುವಾಗ ನಾಲ್ಕು ಸಾಲು ಬರೆದುಕೊಡಿ: ದೀಪ ಹತ್ತಿತೇ, ಸದ್ದು ಬಂತೇ, ಯಾವ ಕೋಡ್ ಸಂಖ್ಯೆ, ಬೇರೆ ಕಂಪ್ಯೂಟರಿನಲ್ಲಿ ಏನಾಯಿತು. ಸಿಡಿಲು, ನೀರು, ಕೆಳಗೆ ಬಿದ್ದದ್ದು ಇದ್ದರೆ ಮುಚ್ಚಿಡದೆ ಹೇಳಿ. ಡಿಸ್ಕನ್ನು ಕೊರಿಯರ್‌ನಲ್ಲಿ ಕಳಿಸುವುದಾದರೆ ಗುಳ್ಳೆ ಪ್ಲಾಸ್ಟಿಕ್‌ನಲ್ಲಿ ದಪ್ಪಗೆ ಸುತ್ತಿ, ಅಲ್ಲಾಡದಂತೆ ಡಬ್ಬಿಯಲ್ಲಿಡಿ. ಅರಬೈಲ್ ಘಟ್ಟದ ತಿರುವುಗಳಲ್ಲಿ ಲಾರಿಯೊಳಗಿನ ಸಾಮಾನು ಸುಮ್ಮನೆ ಕೂರುವುದಿಲ್ಲ. ಡೇಟಾ ಸಿಗದಿದ್ದರೂ ದುಡ್ಡು ಕೊಡಬೇಕೇ ಎಂದು ಮೊದಲೇ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ. ಸಿಕ್ಕ ಫೈಲ್‌ಗಳನ್ನು ಅದೇ ಡಿಸ್ಕಿಗೆ ವಾಪಸ್ ಹಾಕಿಸಿಕೊಳ್ಳಬೇಡಿ, ಬೇರೆ ಹೊಸ ಡಿಸ್ಕ್ ಜೊತೆಯಲ್ಲೇ ಕಳಿಸಿ.